ಬೆಂಕಿ ಕಾವಲು ಬೇಸಿಗೆಯ ಕೂಲಿಯಲ್ಲ

2019ರ ಫೆಬ್ರವರಿಯಲ್ಲಿ ಬಂಡೀಪುರದ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಕಾಡು ಸುಟ್ಟಾಗ ಎಲ್ಲರೂ ಕೇಳಿದ್ದು ಕಿಡಿ ಹೊತ್ತಿಸಿದವರು ಯಾರೆಂದು. ಅವರಿಗೆ ಶಿಕ್ಷೆಯಾಗಲೇಬೇಕು. ಆದರೆ ಕಿಡಿ ಅಷ್ಟು ದೂರ ಓಡಿದ್ದು ಒಣಗಿ ನಿಂತ ಲಂಟಾನ, ಹುಲ್ಲು, ತರಗೆಲೆಗಳ ಬಲದಿಂದ. ಆ ಉರುವಲನ್ನು ತಗ್ಗಿಸುವ ಹೊಣೆ ಯಾರದು? ಬೆಂಕಿ ರೇಖೆ ಸವರಲು, ಬೇಸಿಗೆಯಲ್ಲಿ ಕಾವಲಿರಲು ಅರಣ್ಯ ಇಲಾಖೆ ಹಾಡಿ, ಪೋಡುಗಳ ಆದಿವಾಸಿ ಜನರನ್ನು ದಿನಗೂಲಿಗೆ ಕರೆಯುತ್ತದೆ. ಮಳೆ ಬಿದ್ದೊಡನೆ ಅವರ ಕೆಲಸ ಮುಗಿಯಿತು. ಉಪಗ್ರಹ ಎಷ್ಟೇ ಬೇಗ ಸುಳಿವು ಕೊಟ್ಟರೂ ಕೊನೆಗೆ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವವರು ಇವರೇ. 2017ರಲ್ಲಿ ಅದೇ ಬಂಡೀಪುರದಲ್ಲಿ ಬೆಂಕಿ ಆರಿಸುತ್ತ ಅರಣ್ಯ ಸಿಬ್ಬಂದಿಯೊಬ್ಬರು ಜೀವ ಕಳೆದುಕೊಂಡರು. ಇಷ್ಟು ಅಪಾಯದ, ಇಷ್ಟು ತಿಳಿವಳಿಕೆ ಬೇಡುವ ದುಡಿಮೆಯನ್ನು ವರ್ಷವಿಡೀ ನಡೆಯುವ, ತರಬೇತಿ, ವಿಮೆ, ಬಡ್ತಿ ಇರುವ ವೃತ್ತಿಯನ್ನಾಗಿ ಮಾಡಲೇಬೇಕು.

ಆ ತಿಳಿವಳಿಕೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿ ಸೋಲಿಗರು ಬೇಸಿಗೆ ಬಲಿಯುವ ಮುನ್ನವೇ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಮೇಲೆ ತಣ್ಣಗೆ ಹರಿಯುವ ಆ ಬೆಂಕಿ ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಎಂಬ ಪರಾವಲಂಬಿ ಗಿಡವನ್ನೂ ಹತೋಟಿಯಲ್ಲಿಡುತ್ತಿತ್ತು ಎನ್ನುತ್ತಾರೆ ಅವರು. 1970ರ ದಶಕದಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಹಾಗೆ ಬೆಂಕಿ ಹಾಕುವುದು ಅಪರಾಧವಾಯಿತು. ಆಮೇಲೆ ಲಂಟಾನ ಬೆಟ್ಟವನ್ನು ಆವರಿಸಿದ್ದನ್ನು ವಿಜ್ಞಾನಿಗಳ ಸಮೀಕ್ಷೆಗಳೂ ದಾಖಲಿಸಿವೆ. ಅದಕ್ಕೆ ಬೆಂಕಿ ನಿಷೇಧವೊಂದೇ ಕಾರಣವೆನ್ನಲಾಗದು. ಆದರೂ ಸೋಲಿಗರ ಮಾತನ್ನು ತಳ್ಳಿಹಾಕುವಂತಿಲ್ಲ.

ಬೆಂಕಿ ಸಸಿಗಳನ್ನೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನೂ ಕೊಲ್ಲುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಶೋಲಾ, ನಿತ್ಯಹರಿದ್ವರ್ಣ ಕಾಡುಗಳಲ್ಲಿ ಕಡ್ಡಿ ಗೀರಲೇಬಾರದು. ಆಳೆತ್ತರ ಲಂಟಾನ ಬೆಳೆದಲ್ಲಿ ಈಗ ತರಗು ಬೆಂಕಿಯೂ ಮರದ ತುದಿಗೆ ಏರೀತು. ಅಲ್ಲಿ ಮೊದಲು ಬುಡ ಕಿತ್ತು, ಮತ್ತೆ ಚಿಗುರದಂತೆ ಹಲವು ವರ್ಷ ಕಾಯಬೇಕು. ಹೀಗೆ ಎಲ್ಲಿ ಸುಡಬೇಕು, ಎಲ್ಲಿ ಕೀಳಬೇಕು, ಎಲ್ಲಿ ಮುಟ್ಟಲೇಬಾರದು ಎಂದು ತೀರ್ಮಾನಿಸಲು ಆ ನೆಲವನ್ನು ಮಳೆಗಾಲದಲ್ಲೂ ನೋಡಿದವರೇ ಬೇಕು, ಮೂರು ತಿಂಗಳ ಕೂಲಿಯವರಿಂದ ಅದು ಸಾಗದು. ಇಲಾಖೆಯೇ ಬೆಂಕಿ ರೇಖೆಗಳನ್ನು ಸುಡುತ್ತಿರುವಾಗ ಬೆಂಕಿಯೆಂದರೆ ನಾಶವೇ ಎಂಬ ವಾದ ನಿಲ್ಲುವುದಿಲ್ಲ.

ಇದಕ್ಕೆ ಸಂಬಳ ಕೊಡಲು ಸಾಧ್ಯವೇ ಎನ್ನುವವರು ಆಸ್ಟ್ರೇಲಿಯಾದ ಉತ್ತರ ಭಾಗವನ್ನು ನೋಡಬೇಕು. ಅಲ್ಲಿನ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿ ರೇಂಜರ್‌ಗಳು ಒಣಹಂಗಾಮಿನ ಆರಂಭದಲ್ಲೇ ಸಣ್ಣ ಬೆಂಕಿ ಹಾಕಿ ದೊಡ್ಡದನ್ನು ತಡೆಯುತ್ತಾರೆ, ಅದಕ್ಕೆ ಸಂಬಳ ಪಡೆಯುತ್ತಾರೆ. ನಮ್ಮ ಕಾಡು ಬೇರೆ, ಅವರ ವಿಧಾನವನ್ನು ಹಾಗೆಯೇ ತರಲಾಗದು. ಆದರೆ 2011ರಲ್ಲೇ ಸೋಲಿಗರ ಸಮುದಾಯ ಅರಣ್ಯ ಹಕ್ಕನ್ನು ಮಾನ್ಯ ಮಾಡಿದ ಸರ್ಕಾರ, ಗ್ರಾಮಸಭೆಗಳ ಜೊತೆ ಕೂತು ಕೆಲವು ಒಣ ಎಲೆಯುದುರು ಕಾಡುಗಳಲ್ಲಿ ತರಗು ಬೆಂಕಿಯನ್ನು ಪರೀಕ್ಷಿಸಬಹುದು. ಅದನ್ನು ನಡೆಸುವವರಿಗೆ ಹನ್ನೆರಡು ತಿಂಗಳ ಸಂಬಳದ ಹುದ್ದೆಯನ್ನು ಮುಂದಿನ ಬೇಸಿಗೆಗೆ ಮೊದಲೇ ಮಂಜೂರು ಮಾಡಬೇಕು.