ಚಾರ್ಜ್ ಮಾಡುವವರು ಯಾರು?

1958ರಲ್ಲಿ ಸ್ವೀಡನ್ನಿನ ಅರ್ನೆ ಲಾರ್ಸನ್ ಎಂಬ ರೋಗಿಗೆ ದೇಹದೊಳಗೇ ಕೂರುವ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟಾಗ ಅದರಲ್ಲಿದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಹೊರಗೊಂದು ತಂತಿಸುರುಳಿ ಹಿಡಿದು, ಚರ್ಮದ ಮೂಲಕವೇ ಅದಕ್ಕೆ ವಿದ್ಯುತ್ ಊಡಬೇಕಿತ್ತು. ಆ ಉಪಕರಣ ಗಂಟೆಗಳಲ್ಲೇ ಕೈಕೊಟ್ಟಿತು. ಲಾರ್ಸನ್ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ ಬದುಕಿದರು. 1970ರ ದಶಕದಲ್ಲಿ ವರ್ಷಗಟ್ಟಲೆ ಬಾಳುವ ಲಿಥಿಯಂ ಬ್ಯಾಟರಿ ಬಂದ ಮೇಲೆ ಹೃದಯದ ಮಟ್ಟಿಗೆ ಚಾರ್ಜರ್ ಮೂಲೆ ಸೇರಿತು.

ಪಾರ್ಕಿನ್ಸನ್ ರೋಗಿಗಳಿಗೆ ನಿಮ್ಹಾನ್ಸ್‌ನಂಥ ಕಡೆ ಮಾಡುವ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್) ಚಿಕಿತ್ಸೆಯಲ್ಲಿ ಆ ಚಾರ್ಜರ್ ಮರಳಿ ಬಂದಿದೆ. ಮೆದುಳಿನ ಆಳಕ್ಕೆ ಇಳಿದ ತಂತಿಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ ಎದೆಯ ಚರ್ಮದಡಿ ಕೂರುತ್ತದೆ. ಸಾಮಾನ್ಯ ಬ್ಯಾಟರಿಯಾದರೆ ಕೆಲವೇ ವರ್ಷಕ್ಕೆ ಮತ್ತೆ ಕೊಯ್ದು ಬದಲಿಸಬೇಕು. ಚಾರ್ಜ್ ಆಗುವಂಥದ್ದು ಹದಿನೈದು ವರ್ಷದವರೆಗೂ ಬಂದೀತು. ಲೆಕ್ಕವೇನೋ ಸರಿಯೇ. ಆದರೆ ಶಸ್ತ್ರವೈದ್ಯರು ಎಂದೋ ಒಮ್ಮೆ ಮಾಡುತ್ತಿದ್ದ ಕೆಲಸ ಈಗ ರೋಗಿಯ ಪಾಲಿಗೆ ವಾರವಾರದ, ಕೆಲವರಿಗೆ ದಿನದಿನದ ಕೆಲಸವಾಗಿದೆ. ಹಾಗಿದ್ದ ಮೇಲೆ ಚಾರ್ಜರನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಿ ವಿನ್ಯಾಸ ಮಾಡಬೇಕು.

ಹೊರಗಿನ ಸುರುಳಿ ಒಳಗಿನ ಪೆಟ್ಟಿಗೆಯ ನೇರಕ್ಕೆ ಕೂರಬೇಕು. ತುಸು ಜಾರಿದರೂ ಚಾರ್ಜ್ ಕುಂಟುತ್ತದೆ. ಇದನ್ನು ಕೂರಿಸಬೇಕಾದದ್ದು ಯಾರು? ಕೈ ನಡುಗುವವರು, ಭುಜ ಬಿಗಿದವರು. ಬ್ಯಾಟರಿ ಬರಿದಾದರೆ ನಡುಕ ಮರಳುತ್ತದೆ, ಆ ನಡುಗುವ ಕೈಯಲ್ಲೇ ಚಾರ್ಜರ್ ಹಿಡಿಯಬೇಕು. ಪೂರ್ತಿ ಬರಿದಾಗಲು ಬಿಟ್ಟರೆ ಮನೆಯಲ್ಲಿ ಎಚ್ಚರಗೊಳ್ಳದೆ ಆಸ್ಪತ್ರೆಗೇ ಹೋಗಬೇಕಾಗುವ ಉಪಕರಣಗಳೂ ಇವೆ. ಸಾಲದ್ದಕ್ಕೆ ಕೆಲವು ಚಾರ್ಜರ್‌ಗಳನ್ನು ಮೊದಲು ಗೋಡೆಯ ಪ್ಲಗ್ಗಿಗೆ ಹಾಕಿ ತುಂಬಿಸಿಕೊಂಡಿರಬೇಕು. ಕರೆಂಟ್ ಹೋದ ರಾತ್ರಿ ಇದು ನೆನಪಾದರೆ ಏನು ಪ್ರಯೋಜನ?

ಬೇಗ ಚಾರ್ಜ್ ಮಾಡಲು ಹೋದರೆ ಲೋಹದ ಕವಚ ಬಿಸಿಯೇರಿ ಸುತ್ತಲಿನ ಮಾಂಸಕ್ಕೆ ಅಪಾಯ ಎನ್ನುತ್ತಾರೆ ಎಂಜಿನಿಯರುಗಳು. ಒಪ್ಪೋಣ. ನಿಧಾನವನ್ನು ಸಹಿಸಬಹುದು, ಅನುಮಾನವನ್ನಲ್ಲ. ಒಂದು ಗಂಟೆ ಕೂತೆದ್ದ ಮೇಲೆ ಸುರುಳಿ ಆಗಲೇ ಜಾರಿತ್ತೆಂದು ತಿಳಿದರೆ ನಾಳೆ ಕೂರುವ ಮನಸ್ಸೇ ಬಾರದು. ಸರಿಯಾಗಿ ಕೂತಿದೆಯೇ, ಎಷ್ಟು ತುಂಬಿತು, ಇನ್ನು ತೆಗೆಯಬಹುದೇ, ಇಷ್ಟನ್ನು ಓದಲು ಬಾರದವರಿಗೂ ತಿಳಿಯುವಂತೆ ಸದ್ದಿನಲ್ಲಿ, ಕಂಪನದಲ್ಲಿ ಹೇಳಿದರೆ ಸಾಕು. ಉಳಿದ ಅಂಕಿಅಂಶ ವೈದ್ಯರ ಪರದೆಗೆ ಹೋಗಲಿ. ಗುಂಡಿ ಒಂದೇ ಇದ್ದರೆ ಸರಳವಾಯಿತು ಎಂಬ ನಂಬಿಕೆ ನನಗಿಲ್ಲ. ಆ ಒಂದನ್ನೇ ಮೂರು ಸಲ ಒತ್ತಿದರೆ ಒಂದರ್ಥ, ಒತ್ತಿ ಹಿಡಿದರೆ ಇನ್ನೊಂದು ಅಂತಾದರೆ ಅದಕ್ಕಿಂತ ಮೂರು ಗುಂಡಿಗಳೇ ವಾಸಿ.

ಪರೀಕ್ಷೆಯೂ ಕಠಿಣವಾಗಿಯೇ ಇರಲಿ. ಪ್ರಯೋಗಾಲಯದ ಚುರುಕು ಹುಡುಗರು ಮಾಡಿ ತೋರಿಸಿದರೆ ಸಾಲದು. ಮಾತ್ರೆಯ ಪ್ರಭಾವ ಇಳಿದ ಹೊತ್ತಿನಲ್ಲಿ ರೋಗಿಯೇ ಮಾಡಿ ನೋಡಬೇಕು. ಸೀರೆ ಉಟ್ಟವರ ಹೆಗಲ ಮೇಲೆ ಚಾರ್ಜರ್ ಹಿಡಿದಿಡುವ ಪಟ್ಟಿ ನಿಲ್ಲುತ್ತದೆಯೇ ನೋಡಬೇಕು. ಎಷ್ಟೋ ಮನೆಗಳಲ್ಲಿ ಈ ಕೆಲಸ ಕೊನೆಗೆ ಹೆಂಡತಿಗೋ ಸೊಸೆಗೋ ಬೀಳುತ್ತದೆ, ಅವರನ್ನೂ ಕೂರಿಸಿ ಕೇಳಬೇಕು.

ಒಂಟಿಯಾಗಿರುವ ವಯಸ್ಸಾದವರಿಗೆ ಚಾರ್ಜ್ ಬೇಡದ ಬ್ಯಾಟರಿಯನ್ನೇ ಆರಿಸುವ ವೈದ್ಯರಿದ್ದಾರೆ. ಅದು ಹಿಂದುಳಿದ ಆಯ್ಕೆಯೇನಲ್ಲ. ಆಪರೇಷನ್ನಿಗೆ ಸಹಿ ಹಾಕಿಸಿಕೊಳ್ಳುವ ಮೊದಲು ಚಾರ್ಜರನ್ನು ರೋಗಿಯ ಕೈಗೆ ಕೊಟ್ಟು, ಬಟ್ಟೆಯ ಮೇಲೆಯೇ ಕೂರಿಸಿ ನೋಡಲು ಹೇಳಲಿ. ಆಗಲಿಲ್ಲವೆಂದರೆ ಯಾವ ಬ್ಯಾಟರಿ ಎಂಬ ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಬಹುದು.