ಹೆಂಡತಿಯ ಹಕ್ಕಿಗೆ ಗಂಡನ ಓಟಿಪಿ

ಮಹಾರಾಷ್ಟ್ರದ ‘ಮುಖ್ಯಮಂತ್ರಿ ಮಾಝಿ ಲಾಡಕಿ ಬಹೀಣ್’ ಯೋಜನೆಯಲ್ಲಿ 2024ರ ಜುಲೈಯಿಂದ 21ರಿಂದ 65 ವರ್ಷದೊಳಗಿನ ಮಹಿಳೆಯರ ಖಾತೆಗೆ ತಿಂಗಳಿಗೆ 1,500 ರೂಪಾಯಿ ಸಲ್ಲುತ್ತಿದೆ. ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ಮೀರಿರಬಾರದು. ನಮ್ಮಂಥ ಸರ್ಕಾರಿ ನೌಕರರ ಮನೆಗೆ ಅದು ಬರುವುದಿಲ್ಲ, ಬರಲೂಬಾರದು. ಆದರೆ ಪುಣೆಯಲ್ಲಿ ನಮ್ಮ ಮನೆಗಳ ಪಾತ್ರೆ ತೊಳೆಯುವ, ಕಟ್ಟಡಗಳಿಗೆ ಇಟ್ಟಿಗೆ ಹೊರುವ ಹೆಂಗಸರಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಕನ್ನಡದವರೂ ಇದ್ದಾರೆ. ಅವರ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ.

2025ರ ಸೆಪ್ಟೆಂಬರಿನಲ್ಲಿ ಈ ಯೋಜನೆಗೆ ಇ-ಕೆವೈಸಿ ಕಡ್ಡಾಯವಾಯಿತು. ಫಲಾನುಭವಿಯ ಆಧಾರ್ ಮಾತ್ರ ಸಾಲದು. ವಿವಾಹಿತೆಯಾದರೆ ಗಂಡನದು, ಅವಿವಾಹಿತೆಯಾದರೆ ತಂದೆಯದು ಕೂಡ ಬೇಕು. ಓಟಿಪಿ ಬರುವುದು ಅವನ ಮೊಬೈಲಿಗೆ. ಕಾರಣವಿಲ್ಲದೆ ಇದನ್ನು ತಂದದ್ದಲ್ಲ. ಪರಿಶೀಲನೆ ನಡೆದಾಗ ಪಟ್ಟಿಯಲ್ಲಿ ಸಾವಿರಾರು ಗಂಡಸರೂ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರೂ ಸಿಕ್ಕಿದ್ದರು. (ನಮ್ಮ ವರ್ಗದ ಮಾನ ಹೀಗೆ ಹರಾಜಾದುದಕ್ಕೆ ನಾಚಿಕೆ ಪಡುವುದಲ್ಲದೆ ಬೇರೇನು ಮಾಡಲು ಸಾಧ್ಯ?) ಕುಟುಂಬದ ಆದಾಯವನ್ನು ನೋಡಬೇಕಾದರೆ ಗಂಡನ ಆದಾಯವನ್ನು ನೋಡಲೇಬೇಕೆಂಬ ವಾದವನ್ನೂ ನಾವು ಒಪ್ಪುತ್ತೇವೆ. ನೋಡುವ ಕೆಲಸ ಯಾರದು ಎಂಬುದಷ್ಟೇ ನಮ್ಮ ತಕರಾರು.

ಒಬ್ಬರ ನೆರವಿಗೆ ಸಂಗಾತಿಯನ್ನು ಗಂಟು ಹಾಕುವ ಪದ್ಧತಿ ಬ್ರಿಟನ್ನಿನಲ್ಲೂ ಉಂಟು. 2001ರಲ್ಲಿ ಅಲ್ಲಿ ಮಕ್ಕಳಿಲ್ಲದ ಕಿರಿಯ ದಂಪತಿಗಳು ನಿರುದ್ಯೋಗ ಭತ್ಯೆಗೆ ಜಂಟಿಯಾಗಿಯೇ ಅರ್ಜಿ ಹಾಕಬೇಕೆಂದಾಯಿತು; 2004ರಿಂದ ಭತ್ಯೆ ಪಡೆಯುವವರ ಸಂಗಾತಿಗಳು ಉದ್ಯೋಗ ಕುರಿತ ಸಂದರ್ಶನಕ್ಕೆ ಹಾಜರಾಗಬೇಕಾಯಿತು. ಹೋಗದಿದ್ದರೆ ಭತ್ಯೆಗೆ ಕತ್ತರಿ. ಒಬ್ಬರ ಗೈರುಹಾಜರಿಗೆ ಮತ್ತೊಬ್ಬರ ಊಟ ಕಡಿಯುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೂ ಅಲ್ಲಿ ಸಂಗಾತಿಯನ್ನು ಕರೆದದ್ದು ಅವಳಿಗೂ ಒಂದು ಕೆಲಸ ಸಿಗಲೆಂಬ ನೆಪದಿಂದ. ಇಲ್ಲಿ ಗಂಡನನ್ನು ಕರೆಯುವುದು ಸಾಕ್ಷಿಗೆ ಮಾತ್ರ.

ಆ ಸಾಕ್ಷಿ ಊರಲ್ಲೇ ಇಲ್ಲದಿದ್ದರೆ? ಯೋಜನೆಯ ಅರ್ಹತಾ ಪಟ್ಟಿಯಲ್ಲಿ ವಿವಾಹಿತೆ, ವಿಧವೆ, ವಿಚ್ಛೇದಿತೆಯರ ಜೊತೆಗೆ ‘ಪರಿತ್ಯಕ್ತೆ’ ಎಂಬ ಪದವೂ ಸ್ಪಷ್ಟವಾಗಿ ಇದೆ. ಗಂಡ ಬಿಟ್ಟುಹೋದವಳೆಂಬ ಕಾರಣಕ್ಕೇ ಅವಳು ಅರ್ಹಳು. ಈಗ ಆ ಅರ್ಹತೆ ಉಳಿಯಬೇಕಾದರೆ ಬಿಟ್ಟುಹೋದವನನ್ನೇ ಹುಡುಕಿ, ಅವನ ಫೋನಿಗೆ ಬಂದ ಅಂಕಿಗಳನ್ನು ಬೇಡಿ ತರಬೇಕು! ಗದ್ದಲವೆದ್ದ ಮೇಲೆ ಗಡುವನ್ನು ಡಿಸೆಂಬರ್ 31ರವರೆಗೆ ಮುಂದೂಡಿ, ಗಂಡ ಅಥವಾ ತಂದೆ ತೀರಿಕೊಂಡಿದ್ದರೆ ಮರಣಪತ್ರ, ವಿಚ್ಛೇದನವಾಗಿದ್ದರೆ ಅದರ ಪ್ರಮಾಣಪತ್ರ ಇಲ್ಲವೆ ನ್ಯಾಯಾಲಯದ ಆದೇಶ ಕೊಡಬಹುದೆಂದರು. ಬಿಟ್ಟುಹೋಗುವವನು ಕಾಗದ ಬರೆದುಕೊಟ್ಟು ಹೋಗುತ್ತಾನೆಯೇ? ಜೊತೆಗೇ ಇದ್ದು ಕುಡಿತಕ್ಕೆ ಹಣ ಕೀಳುವವನ ಸಂಗತಿ ಇನ್ನೂ ಬೇರೆ: ಓಟಿಪಿಗೆ ಅವನು ಬೆಲೆ ಕಟ್ಟಬಲ್ಲ. ಹಣವನ್ನು ಹೆಂಗಸಿನ ಸ್ವಂತ ಖಾತೆಗೇ ಹಾಕುತ್ತೇವೆಂದು ಹೇಳಿಕೊಂಡ ಯೋಜನೆಯ ಬೀಗದ ಕೈ ಹೀಗೆ ಮತ್ತೆ ಅವನ ಜೇಬಿಗೇ ಸೇರುತ್ತದೆ.

ಗಡಿಯಾಚೆಯಿಂದ ಬಂದವರಿಗೆ ಈ ಗಂಟು ಇನ್ನೊಂದು ಸುತ್ತು ಬಿಗಿ. ಪರರಾಜ್ಯದಲ್ಲಿ ಹುಟ್ಟಿ ಮಹಾರಾಷ್ಟ್ರದವನನ್ನು ಮದುವೆಯಾದವಳು ನಿವಾಸದ ಪುರಾವೆಯಾಗಿ ಗಂಡನ ಜನನ ಪ್ರಮಾಣಪತ್ರವನ್ನೋ ಶಾಲೆ ಬಿಟ್ಟ ದಾಖಲೆಯನ್ನೋ ಕೊಡಬಹುದೆಂದು ಮೊದಲೇ ವಿನಾಯಿತಿ ನೀಡಿದ್ದರು. ಒಳ್ಳೆಯ ವಿನಾಯಿತಿಯೇ. ಆದರೆ ಅವಳು ಒಳಗೆ ಬಂದದ್ದೂ ಅವನ ಕಾಗದದಿಂದ, ಒಳಗೆ ಉಳಿಯಬೇಕಾದದ್ದೂ ಅವನ ಫೋನಿನಿಂದ.

ಇದೇ ರಾಜ್ಯದ 1977ರ ಉದ್ಯೋಗ ಖಾತರಿ ಕಾಯ್ದೆಯು ಹಳ್ಳಿಯ ವಯಸ್ಕ ಹೆಂಗಸಿಗೆ ಅವಳ ಹೆಸರಿನಲ್ಲೇ ಕೆಲಸ ಕೇಳುವ ಹಕ್ಕು ಕೊಟ್ಟಿತ್ತು. ಗಂಡ ಎಲ್ಲಿದ್ದಾನೆಂದು ಅದು ವಿಚಾರಿಸಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಹಿರಿಯ ಹೆಂಗಸೇ. ಚೀಟಿಯಲ್ಲಿ ಮನೆಯವರ ಹೆಸರುಗಳಿವೆ, ತೆರಿಗೆ ಇಲಾಖೆಯಲ್ಲಿ ಆದಾಯದ ವಿವರವಿದೆ. ಅವೆರಡನ್ನೂ ತಾಳೆ ನೋಡುವುದು ನಮ್ಮಂಥ ಸಂಬಳದವರ ಕೆಲಸ. ಅನುಮಾನ ಬಂದ ಮನೆಗೆ ಅಂಗನವಾಡಿ ಕಾರ್ಯಕರ್ತೆ ಹೋಗಿ ವಿಚಾರಿಸಲಿ. ಆಕೆಗೆ ಆ ಕೆಲಸಕ್ಕೆ ಪ್ರತ್ಯೇಕ ಗೌರವಧನವನ್ನೂ ಕೊಡಲಿ. ಅಲ್ಲಿಯವರೆಗೆ ಪರಿತ್ಯಕ್ತೆ ತಾನೇ ಸಹಿ ಮಾಡಿದ ಹೇಳಿಕೆಯನ್ನು ಪುರಾವೆಯೆಂದು ಒಪ್ಪಿ, ಕಂತನ್ನು ನಿಲ್ಲಿಸದಿರಲಿ.