ಅಂತ್ರವೃದ್ಧಿಗೆ ಎಂತಹ ಜಾಲರಿ?

ತೊಡೆಯ ಸಂದಿನಲ್ಲಿ ಕರುಳು ಇಳಿಯುವ ವ್ಯಾಧಿಯುಳ್ಳ ತಮ್ಮ ತಂದೆಯವರಿಗೆ ಲ್ಯಾಪರೊಸ್ಕೋಪಿನ ಶಸ್ತ್ರಕ್ರಿಯೆಯು ನಿಶ್ಚಯವಾಗಿರುವುದೆಂದೂ, ಒಳಗಿಡುವ ಜಾಲರಿಗಳಲ್ಲಿ ಅಗ್ಗದ ದಪ್ಪನೆಯದು ಸಾಕೋ, ಬೆಲೆ ಹೆಚ್ಚಿನ ಹಗುರವಾದದ್ದೇ ಬೇಕೋ ತಿಳಿಯದೆ ಮನೆಯವರೆಲ್ಲರೂ ತೊಳಲುತ್ತಿರುವರೆಂದೂ ವಾಚಕರೊಬ್ಬರು ನಮಗೆ ಬರೆದಿರುವರು. ನಾವು ವೈದ್ಯರಲ್ಲ, ಶಾಲೆಯಲ್ಲಿ ಪಾಠ ಹೇಳಿದವರು. ಆದರೂ ತಜ್ಞರು ಪ್ರಕಟಿಸಿರುವುದನ್ನು ಓದಿ ತಿಳಿದಷ್ಟನ್ನು ನಿವೇದಿಸುವೆವು.

ಸುಶ್ರುತನು ವೃದ್ಧಿರೋಗಗಳು ಏಳೆಂದು ಎಣಿಸಿ, ಅವುಗಳಲ್ಲಿ ಅಂತ್ರವೃದ್ಧಿಯನ್ನೂ ಸೇರಿಸಿರುವನು. ಹೊಟ್ಟೆಯ ಗೋಡೆಯು ದುರ್ಬಲವಾದೆಡೆಯಲ್ಲಿ ಕರುಳು ಹೊರಚಾಚುವುದೇ ಇದರ ಸ್ವರೂಪವು. ಜೀರ್ಣವಸ್ತ್ರದ ಹರಕನ್ನು ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲಿಯೇ ಮತ್ತೆ ಹರಿಯುವುದು, ತೇಪೆ ಹಾಕಿದರೆ ಬಾಳುವುದು ಎಂಬುದು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಇಟಲಿಯ ಬಸ್ಸೀನಿಯು 1880ರ ದಶಕದಲ್ಲಿ ಹೊಲಿಗೆಯ ಕ್ರಮವನ್ನು ವ್ಯವಸ್ಥೆಗೊಳಿಸಿದನು. ಅಮೆರಿಕದ ಅಷರನು 1958ರಿಂದೀಚೆಗೆ ಪ್ಲಾಸ್ಟಿಕ್ ನೂಲಿನ ತೇಪೆಯನ್ನು ಬಳಕೆಗೆ ತಂದನು. ಇಂದಿನ ಜಾಲರಿಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನಿನವು, ಪಾಲಿಯೆಸ್ಟರಿನವೂ ಉಂಟು.

ಹಗುರವಾದದ್ದರಲ್ಲಿ ನೂಲು ತೆಳುವು, ಕಣ್ಣು ದೊಡ್ಡದು. ದೇಹದಲ್ಲಿ ಪರವಸ್ತುವು ಕಡಿಮೆಯಾದಷ್ಟೂ ನೋವು ಕಡಿಮೆಯೆಂಬ ಅನುಮಾನವು ಸಯುಕ್ತಿಕವಾಗಿಯೇ ತೋರುವುದು. ಮೇಲಿನಿಂದ ಕೊಯ್ದು ಮಾಡುವ ಚಿಕಿತ್ಸೆಯಲ್ಲಿ, ಒಳಗೇನೋ ಇರುವಂತಾಗುವ ಕಸಿವಿಸಿಯು ಇದರಿಂದ ತಗ್ಗುವುದೂ ನಿಜವೇ. ಆದರೆ ಪ್ರತ್ಯಕ್ಷಕ್ಕೆ ವಿರುದ್ಧವಾದ ಅನುಮಾನವು ಬಾಧಿತವೆಂದು ತಾರ್ಕಿಕರು ಹೇಳುವರಷ್ಟೆ. ಲ್ಯಾಪರೊಸ್ಕೋಪಿನ ವಿಧಾನದಲ್ಲಿ ಜಾಲರಿಯು ಸ್ನಾಯುಗಳ ಹಿಂಬದಿಯಲ್ಲಿ ಕೂರುವುದು. ಹಾಲೆಂಡಿನಲ್ಲಿ 950 ಮಂದಿ ಗಂಡಸರಿಗೆ ಈ ವಿಧಾನದಲ್ಲಿ ಎರಡು ಬಗೆಯ ಜಾಲರಿಗಳನ್ನೂ ಹಂಚಿಟ್ಟು ಪರೀಕ್ಷಿಸಿ, 2016ರಲ್ಲಿ ಫಲವನ್ನು ಪ್ರಕಟಿಸಿದರು. ಎರಡು ವರ್ಷಗಳ ತರುವಾಯ ಗಣನೀಯವಾದ ನೋವು ಹಗುರದವರಲ್ಲಿ ನೂರಕ್ಕೆ 2.9, ಭಾರದವರಲ್ಲಿ 0.7; ವ್ಯಾಧಿಯು ಮರುಕಳಿಸಿದ್ದು ಕ್ರಮವಾಗಿ 2.7 ಮತ್ತು 0.8. ತೆಳುವಾದ ಜಾಲರಿಯು ದೊಡ್ಡ ಹರಕಿನೊಳಕ್ಕೆ ಹೊಟ್ಟೆಯ ಒತ್ತಡದಿಂದ ಉಬ್ಬಿ ಜಾರುವ ಸಂಭವವುಂಟು. ತೂಕವೊಂದನ್ನೇ ನೋಡಿ ಆರಿಸಲಾಗದೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳಿರುವುದು. ವಿಸ್ತಾರವು ಮಾತ್ರ 10ಕ್ಕೆ 15 ಸೆಂಟಿಮೀಟರಿಗೆ ಕಡಿಮೆಯಿರಬಾರದು. ತೇಪೆಯು ಹರಕಿನ ಸುತ್ತಲೂ ಚಾಚಿಕೊಂಡಿರಬೇಕಷ್ಟೆ.

ಬೆಲೆಯ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಮಹಾರಾಷ್ಟ್ರದ ದೊಂಡಾಯಿಚೆಯ ಡಾಕ್ಟರ್ ಟೋಣಗಾಂವ್ಕರರು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಿಗೊಳಿಸಿ ಬಡವರಿಗೆ ಜಾಲರಿಯಾಗಿ ಇಟ್ಟರು. ಉಗಾಂಡದಲ್ಲಿ 302 ಮಂದಿಗೆ, ಕೊಯ್ದು ಮಾಡುವ ವಿಧಾನದಲ್ಲಿ, ಇಂತಹುದನ್ನೂ ಅಂಗಡಿಯ ಜಾಲರಿಯನ್ನೂ ಹೋಲಿಸಿದಾಗ ಒಂದು ವರ್ಷದಲ್ಲಿ ಗಣನೀಯವಾದ ಭೇದವು ಕಾಣಲಿಲ್ಲವೆಂದು 2016ರಲ್ಲಿ ವರದಿಯಾಯಿತು. (ಮನೆಯ ಪರದೆಗೆ ಕತ್ತರಿ ಹಿಡಿಯಬೇಡಿರಿ, ಆ ಬಟ್ಟೆಯ ಆಯ್ಕೆಯೂ ಶುದ್ಧಿಯೂ ಬೇರೆ.)

ಆದುದರಿಂದ ನಮ್ಮ ವಾಚಕರು ಹಗುರವಾದದ್ದಕ್ಕಾಗಿ ಸಾಲ ಮಾಡುವ ಅಗತ್ಯವು ನಮಗೆ ತೋರದು. ತಂದೆಯವರ ಹರಕು ಎಷ್ಟು ದೊಡ್ಡದು, ಇಂತಹ ಶಸ್ತ್ರಕ್ರಿಯೆಗಳನ್ನು ತಾವು ಎಷ್ಟು ಮಾಡಿರುವಿರಿ, ಯಾವ ಜಾಲರಿಯು ತಮಗೆ ಕೈಹಿಡಿದದ್ದು ಎಂದು ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಲಿ. ಅಷ್ಟರೊಳಗೆ ಉಬ್ಬು ಒಳಸೇರದೆ ಗಟ್ಟಿಯಾಗಿ, ನೋವೂ ವಾಂತಿಯೂ ಕಾಣಿಸಿದರೆ, ಜಾಲರಿಯ ಚರ್ಚೆಯನ್ನು ಅಲ್ಲಿಯೇ ಬಿಟ್ಟು ಆ ಗಳಿಗೆಯಲ್ಲಿಯೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.